ಮುನ್ನೂರು ಜೋಡಿ ಕಣ್ಣಿನ ನಮ್ಮ ಕಾಕಾ

ನಮ್ಮ ಕಾಕಾ ಎದುರಿಗೆ ಬಂದರೆ ಬೈಲಹೊಂಗಲದ ಅರ್ಧ ಜನ ಕಪ್ಪು ಕನ್ನಡಕ ಹಾಕಿಕೊಳ್ಳುತ್ತಾರೆ. ಉಳಿದ ಅರ್ಧ ಜನ ಓಣಿ ಬದಲಿಸುತ್ತಾರೆ. ಹಾಗಂತ ಅವರೇನು ಪೊಲೀಸರಲ್ಲ, ವಿಮಾ ಏಜೆಂಟರಲ್ಲ, ಚುನಾವಣೆಗೆ ನಿಂತವರಂತೂ ಅಲ್ಲವೇ ಅಲ್ಲ. ಅವರು ನಿಮ್ಮಿಂದ ಕೇಳುವುದು ಒಂದೇ ಒಂದು: ನಿಮ್ಮ ಎರಡು ಕಣ್ಣು. ಅದೂ ಈಗಲೇ ಅಲ್ಲ, ನೀವು ಸತ್ತ ಮೇಲೆ! ಇಷ್ಟು ಸಣ್ಣ ಬೇಡಿಕೆಗೆ ಜನ ಯಾಕೆ ಇಷ್ಟು ಗಾಬರಿ ಬೀಳುತ್ತಾರೆ ಎಂಬುದು ಅವರಿಗೆ ಇವತ್ತಿಗೂ ಅರ್ಥವಾಗಿಲ್ಲ.

ಕಪ್ಪು ಕನ್ನಡಕದಿಂದ ಏನೂ ಉಪಯೋಗವಿಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ, ಸುಮ್ಮನೆ ಖರ್ಚು ಮಾಡಿಕೊಳ್ಳಬೇಡಿ. ಚಾಳೀಸು ಬಂದವರು, ಮೋತಿಬಿಂದು ಅಂದರೆ ಕಣ್ಣಿನ ಪೊರೆ ತೆಗೆಸಿಕೊಂಡವರು, ಸಕ್ಕರೆ ಕಾಯಿಲೆಯವರು, ಬಿಪಿಯವರು, ಎಲ್ಲರೂ ಕಣ್ಣು ಕೊಡಬಹುದು ಎಂಬುದು ಕಾಕಾಗೆ ಬಾಯಿಪಾಠ. ತಪ್ಪಿಸಿಕೊಳ್ಳಲು ನೀವು ಯಾವ ನೆಪ ಹೇಳಿದರೂ ಅವರ ಹತ್ತಿರ ಅದಕ್ಕೊಂದು ಉತ್ತರ ಇರುತ್ತದೆ, ಉತ್ತರದ ಹಿಂದೆಯೇ ಸಹಿ ಮಾಡಲು ಒಂದು ಕಾರ್ಡು ಬರುತ್ತದೆ.

ಕಾಕಾ ಅಂದರೆ ನಮ್ಮ ಅಪ್ಪನ ತಮ್ಮ. ಬೈಲಹೊಂಗಲದಿಂದ ಸವದತ್ತಿಗೆ, ಯರಗಟ್ಟಿಗೆ, ರಾಮದುರ್ಗಕ್ಕೆ ಹೋಗುವ ಬಸ್ಸುಗಳಲ್ಲಿ ಜೀವಮಾನವೆಲ್ಲ ಕಂಡಕ್ಟರಿಕೆ ಮಾಡಿದವರು. ನಿವೃತ್ತರಾಗಿ ಎಷ್ಟೋ ವರ್ಷವಾಯಿತು, ಆದರೆ ಕಂಡಕ್ಟರಿಕೆ ಅವರ ಮೈಬಿಟ್ಟು ಹೋಗಿಲ್ಲ. ಕಿವಿಯ ಮೇಲೆ ಅದೇ ಪೆನ್ನು, ಹೆಗಲಿಗೆ ಅದೇ ಚರ್ಮದ ಚೀಲ. ಚೀಲದೊಳಗೆ ಟಿಕೆಟ್ಟಿನ ಬದಲು ನೇತ್ರದಾನದ ಕಾರ್ಡುಗಳು. ಕಟ್ಟಿನಿಂದ ಪರ್ರನೆ ಹರಿದು ಕೈಗೆ ಕೊಡುವ ಗತ್ತು ಮಾತ್ರ ಹಳೆಯದೇ. ಮನೆಯಲ್ಲಿ ಅವರು ಕುಳಿತದ್ದನ್ನು ಕಂಡವರಿಲ್ಲ. ಬಾಗಿಲ ಚೌಕಟ್ಟಿಗೆ ಸೊಂಟ ಆನಿಸಿ, ನಿಂತೇ ಚಹಾ ಕುಡಿಯುತ್ತಾರೆ, ನಿಂತೇ ರೊಟ್ಟಿ ತಿನ್ನುತ್ತಾರೆ. ಕುಳಿತುಕೊಳ್ಳಿ ಅಂದರೆ ಸೀಟು ಪ್ಯಾಸೆಂಜರುಗಳದು ಅನ್ನುತ್ತಾರೆ. ಮನೆಯಲ್ಲಿ ಪ್ಯಾಸೆಂಜರು ಯಾರು? ನಾವೇ!

ಒಮ್ಮೆ ಕಿತ್ತೂರಿನಲ್ಲಿ ನೆಂಟರ ಮದುವೆ. ಕಾಕಾ ಸ್ಟೇಜು ಹತ್ತಿ ಮದುಮಕ್ಕಳ ತಲೆಯ ಮೇಲೆ ಅಕ್ಷತೆ ಹಾಕಿ, ಕೈಗೊಂದು ಲಕೋಟೆ ಕೊಟ್ಟರು. ಒಳಗೆ ಏನಿರಬೇಕು? ಎರಡು ಕಾರ್ಡು, ಗಂಡಿಗೊಂದು, ಹೆಣ್ಣಿಗೊಂದು. ಮೇಲೆ ಬಾಯಿಬಿಟ್ಟು ಆಶೀರ್ವಾದವನ್ನೂ ಮಾಡಿದರು: "ನೂರ ವರ್ಷ ಸುಖದಾಗ ಇರ್ರಿ. ಅವಸರ ಏನೂ ಇಲ್ಲ. ಆಮ್ಯಾಲ ಮಾತ್ರ ಆರ ತಾಸಿನ್ಯಾಗ ಫೋನ್ ಮಾಡ್ರಿ."

ಹೆಣ್ಣಿನ ತಾಯಿ ಕಾಕಾನನ್ನು ಊಟದ ಪಂಕ್ತಿಯವರೆಗೂ ಬೈಯುತ್ತ ಅಟ್ಟಿಸಿಕೊಂಡು ಬಂದಳು. ನಾವೆಲ್ಲ ತಲೆ ತಗ್ಗಿಸಿ ಹೋಳಿಗೆ ತಿಂದೆವು. ಆದರೆ ನೋಡಿ, ಅದೇ ಮದುವೆಯಲ್ಲಿ ಗಂಡಿನ ಅಜ್ಜಿ ಕಾಕಾನನ್ನು ಸನ್ನೆ ಮಾಡಿ ಕಂಬದ ಹಿಂದೆ ಕರೆದಳು. ನನಗೂ ಒಂದು ಕೊಡಪ್ಪಾ ಎಂದು ಹೆಬ್ಬೆಟ್ಟು ಒತ್ತಿ, ಯಾರಿಗೂ ಹೇಳಬೇಡ ಅಂದು ಹೋದಳು. ಹೀಗೆ ಕಾಕಾ ಎಲ್ಲಿ ಮರ್ಯಾದೆ ಕಳೆದುಕೊಂಡರೂ ಅಲ್ಲಿಂದ ಒಂದು ಜೋಡಿ ಕಣ್ಣು ಗಳಿಸಿಕೊಂಡೇ ಬರುತ್ತಾರೆ.

ಆ ಆರು ತಾಸಿನ ವಿಷಯ ಹೇಳಲೇಬೇಕು, ಇಡೀ ಕಥೆ ಅದರ ಮೇಲೆಯೇ ನಿಂತಿದೆ. ಮನುಷ್ಯ ಸತ್ತ ಆರು ತಾಸಿನೊಳಗೆ ಕಣ್ಣಾಸ್ಪತ್ರೆಯವರು ಬಂದು ಕಣ್ಣು ತೆಗೆದುಕೊಳ್ಳಬೇಕು. ತಡವಾದರೆ ಮುಗಿಯಿತು. ಕೊಡಬೇಕೆಂಬ ಮನಸ್ಸು, ಹೆಬ್ಬೆಟ್ಟು, ಕಾರ್ಡು ಎಲ್ಲವೂ ಮಣ್ಣಿಗೆ. ಎಲ್ಲೋ ಇಬ್ಬರು ಕತ್ತಲಲ್ಲೇ ಉಳಿಯುತ್ತಾರೆ. ಕಾಕಾನ ಜೀವ ಸದಾ ಆ ಆರು ತಾಸಿನ ಮೇಲೆಯೇ ಇರುತ್ತದೆ.

ಈ ಹುಚ್ಚು ಅವರಿಗೆ ಹಿಡಿದದ್ದು ಆರು ವರ್ಷದ ಹಿಂದೆ, ಅವರ ಹೆಂಡತಿ, ನಮ್ಮ ಕಾಕು ತೀರಿಕೊಂಡಾಗ. ಕಾಕು ತಾನೇ ಹೇಳಿಟ್ಟಿದ್ದಳಂತೆ, ಹಾಗಾಗಿ ಅವಳ ಕಣ್ಣು ಕೊಟ್ಟರು. ಹದಿನೈದು ದಿನ ಸುಮ್ಮನಿದ್ದ ಕಾಕಾ ಹದಿನಾರನೆಯ ದಿನ ಚರ್ಮದ ಚೀಲ ಹುಡುಕಿ ತೆಗೆದು, ಕಣ್ಣುಗಳ ಸಂಗ್ರಹ ಮಾಡುವ ಸಂಸ್ಥೆಯೊಂದಕ್ಕೆ ಹೋಗಿ, ನನಗೆ ಯಾವ ರೂಟು ಕೊಡುತ್ತೀರಿ ಎಂದು ಕೇಳಿದರು. ಸಂಬಳವಿಲ್ಲದ ಇಂಥ ನೌಕರ ಸಿಕ್ಕರೆ ಯಾರು ಬೇಡ ಅನ್ನುತ್ತಾರೆ?

ಅದೇ ದಿನಗಳಲ್ಲಿ ಇನ್ನೊಂದು ಹುಚ್ಚೂ ಶುರುವಾಯಿತು. ಬಾಚಣಿಕೆ! ಕಾಕು ಇದ್ದಾಗ ಕಾಕಾ ತಲೆ ಬಾಚಿದ್ದನ್ನು ಕಂಡವರಿಲ್ಲ. ಡ್ಯೂಟಿ ಮುಗಿಸಿ ಬರುವಾಗ ಅವರ ತಲೆ ಗಾಳಿಗೆ ಎದ್ದು ನಿಂತು, ಧೂಳು ತುಂಬಿ ನೋಡುವ ಹಾಗಿರುತ್ತಿರಲಿಲ್ಲ. ಕಾಕು ಬಾಗಿಲಲ್ಲೇ ನಿಂತು ಬೈಯುತ್ತಿದ್ದಳು. ಆ ಬೈಗುಳ ನಮ್ಮ ಮನೆಯವರೆಗೂ ಕೇಳಿಸುತ್ತಿತ್ತು. ಈಗ ನೋಡಿದರೆ ಜೇಬಿನಲ್ಲಿ ಬಾಚಣಿಕೆ. ಯಾರಾದರೂ ಹೊಸಬರು ಎದುರಿಗೆ ಬಂದರೆ ಸಾಕು, ಕಾಕಾ ಮೊದಲು ತಲೆ ಬಾಚಿಕೊಳ್ಳುತ್ತಾರೆ, ಅಂಗಿಯ ಕಾಲರು ಸರಿ ಮಾಡಿಕೊಳ್ಳುತ್ತಾರೆ, ಆಮೇಲೆ ಒಂದೇ ಗೇಣು ದೂರದಲ್ಲಿ ನಿಂತು ಅವರ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾರೆ. ಕಣ್ಣಿನ ಡಾಕ್ಟರೂ ಅಷ್ಟು ಹತ್ತಿರ ಬರುವುದಿಲ್ಲ!

ಇದನ್ನು ಕಂಡು ನಮ್ಮ ಬಂಧುಬಳಗ ಸುಮ್ಮನಿರುತ್ತದೆಯೇ? ಹೆಂಡತಿ ಹೋದ ಮೇಲೆ ಶೋಕಿ ಬಂತು ಅಂದರು. ಇನ್ನೊಂದು ಮದುವೆಯ ವಿಚಾರ ಇರಬೇಕು ಅಂದರು. ರಾಮದುರ್ಗದ ನಮ್ಮ ಸೋದರತ್ತೆಯಂತೂ ಒಂದು ಸಂಬಂಧವನ್ನೇ ಹಿಡಿದುಕೊಂಡು ಬಂದಳು. ಕಾಕಾ ಬಾಗಿಲಿಗೆ ಆನಿಕೊಂಡು ಎಲ್ಲವನ್ನೂ ಸಮಾಧಾನದಿಂದ ಕೇಳಿ, ಆ ಹೆಣ್ಣುಮಗಳು ಕಾರ್ಡಿಗೆ ಸಹಿ ಮಾಡಿದ್ದಾಳೆಯೇ ಎಂದು ವಿಚಾರಿಸಿದರು. ಅತ್ತೆ ಬಂದ ಬಸ್ಸಿಗೇ ವಾಪಸು ಹೋದಳು, ಹೋಗುವ ಮುಂಚೆ ತಾನೂ ಒಂದು ಕಾರ್ಡಿಗೆ ಸಹಿ ಮಾಡಿ!

ಇನ್ನು ಕಾಕಾನ ರಿಜಿಸ್ಟರು. ಅದರಲ್ಲಿ ಅಕಾರಾದಿ ಇಲ್ಲ, ತಾರೀಖಿನ ಅನುಕ್ರಮವೂ ಇಲ್ಲ. ದಾನಿಗಳೆಲ್ಲ ಬಸ್ ಸ್ಟಾಪಿನ ಪ್ರಕಾರ ಕುಳಿತಿದ್ದಾರೆ. ಮನೆ ನಂಬರು, ಪಿನ್ ಕೋಡು ಏನೂ ಇಲ್ಲ. "ಇಳಿದು ಎಡಕ್ಕೆ, ಎಮ್ಮೆ ಕಟ್ಟಿದ ಮನೆ" ಎಂದಿರುತ್ತದೆ. ಕೆಳಗೆ ಬೇರೆ ಶಾಯಿಯಲ್ಲಿ, "ಎಮ್ಮೆ ಮಾರಿದ್ದಾರೆ, ಈಗ ಕೆಂಪು ಬೈಕು ನಿಂತಿರುತ್ತದೆ". ಪಕ್ಕದ ಕಾಲಮ್ಮಿನಲ್ಲಿ ಮನೆಮಂದಿಯ ಮನಸ್ಸು. ಇನ್ನೊಂದು ಮನೆಯ ಮುಂದೆ ಹೀಗಿದೆ: "ಹಿರಿಯ ಸೊಸೆ ಒಲ್ಲೆ ಅನ್ನುತ್ತಾಳೆ, ಮೊದಲು ಮಗಳನ್ನು ಮಾತಾಡಿಸು." ವಾರಕ್ಕೆ ಮೂರು ದಿನ ಬಸ್ಸು ಹತ್ತಿ, ದಿನಕ್ಕೊಂದಿಷ್ಟು ಊರಲ್ಲಿ ಇಳಿದು, ಎಲ್ಲರನ್ನೂ ಮಾತಾಡಿಸಿ ಬರುತ್ತಾರೆ. ಹೊಸ ಸೊಸೆ ಬಂದಳೇ, ಅಜ್ಜ ಊಟ ಬಿಟ್ಟನೇ, ಎಲ್ಲವೂ ಅದರಲ್ಲಿ ಸೇರುತ್ತದೆ. ಎಂಥ ದೊಡ್ಡ ಸರಕಾರಿ ಕಚೇರಿಯಲ್ಲೂ ನಾನು ಇಂಥ ದಾಖಲೆ ನೋಡಿಲ್ಲ.

ಈಗ ಅವರ ಅಣ್ಣನ ಮಗಳಾದ ನನ್ನ ಪ್ರವೇಶ. ನನ್ನದು ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಆನ್‌ಲೈನ್ ಅಂಗಡಿ. ಹೊಲದ ಉತಾರ ತೆಗೆದುಕೊಡುವುದು, ಅರ್ಜಿ ತುಂಬುವುದು, ಝೆರಾಕ್ಸು. ಅಲ್ಪಸ್ವಲ್ಪ ವೆಬ್‌ಸೈಟಿನ ಕೆಲಸವೂ ಕಲಿತಿದ್ದೇನೆ, ಸ್ವಲ್ಪ ಹೆಚ್ಚೇ ಕಲಿತಿದ್ದೇನೆ ಎಂಬ ಸೊಕ್ಕೂ ಇತ್ತು. ಕಾಕಾನ ಸಂಸ್ಥೆಗೆ ಯಾರೋ ಪುಣ್ಯಾತ್ಮರು ಒಂದು ವೆಬ್‌ಸೈಟ್ ಮಾಡಿಸಿಕೊಟ್ಟಿದ್ದರು. ಇನ್ಯಾರೋ ಪುಣ್ಯಾತ್ಮರು ದಾನಿಗಳ ವಿವರ ಇಡುವ ಒಂದು ಸಾಫ್ಟ್‌ವೇರ್ ಕೊಡಿಸಿದ್ದರು. ಆದರೆ ಇವೆರಡೂ ಮಾತು ಬಿಟ್ಟ ವಾರಗಿತ್ತಿಯರ ಹಾಗೆ ಒಂದೇ ಮನೆಯಲ್ಲಿದ್ದರೂ ಒಂದರ ಮುಖ ಒಂದು ನೋಡುತ್ತಿರಲಿಲ್ಲ. ವೆಬ್‌ಸೈಟಿನಲ್ಲಿ ಯಾರಾದರೂ ಹೆಸರು ತುಂಬಿದರೆ ಅದನ್ನು ಒಬ್ಬರು ಕಾಗದದ ಮೇಲೆ ಬರೆದುಕೊಂಡು, ಆಮೇಲೆ ಸಾಫ್ಟ್‌ವೇರಿನಲ್ಲಿ ಮತ್ತೆ ಟೈಪು ಮಾಡಬೇಕಿತ್ತು. ಇವೆರಡನ್ನೂ ಜೋಡಿಸಿಕೊಡು, ಕಾಕಾನ ರಿಜಿಸ್ಟರನ್ನೂ ಒಳಗೆ ಸೇರಿಸು ಎಂದು ಸಂಸ್ಥೆಯವರು ಕೇಳಿದರು. ಅಷ್ಟೇ ತಾನೇ ಅಂದೆ. ಆ ಮಾತನ್ನು ನೆನೆದರೆ ಈಗಲೂ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಒಂದು ತಿಂಗಳು ಕಾಕಾ ನನ್ನ ಕುರ್ಚಿಯ ಹಿಂದೆ ನಿಂತು ರಿಜಿಸ್ಟರು ಓದಿದರು, ನಾನು ಟೈಪು ಮಾಡಿದೆ. ಮೊದಲ ದಾಖಲೆ ಅವರದೇ, ಎರಡನೆಯದು ಕಾಕುವಿನದು. ಸಾಫ್ಟ್‌ವೇರಿಗೆ ಎಮ್ಮೆ ಬೇಕಿರಲಿಲ್ಲ, ಹಿರಿಯ ಸೊಸೆಯೂ ಬೇಕಿರಲಿಲ್ಲ. ಅದನ್ನೆಲ್ಲ ಬಿಟ್ಟೆ. ಅದಕ್ಕೆ ಬೇಕಾದದ್ದು ಫೋನ್ ನಂಬರು. ಇಲ್ಲಿ ಕಾಕಾ ಪ್ರತಿಯೊಬ್ಬರಿಗೂ ತಮ್ಮ ನಂಬರನ್ನೇ ಬರೆಸಿದರು. ನಮ್ಮ ಕಡೆ ಫೋನ್ ನಂಬರು ಕೇಳಿದರೆ ಯಾರೂ ತಮ್ಮದನ್ನು ಕೊಡುವುದಿಲ್ಲ, ಯಾರು ಖಂಡಿತ ಎತ್ತುತ್ತಾರೋ ಅವರದನ್ನು ಕೊಡುತ್ತಾರೆ. ಮಗನದು, ಎದುರಿನ ಕಿರಾಣಿ ಅಂಗಡಿಯದು, ಹೀಗೆ. ಈ ವಿಷಯದಲ್ಲಿ ನಮ್ಮ ನಾಲ್ಕು ತಾಲೂಕಿನಲ್ಲಿ ಖಂಡಿತ ಎತ್ತುವವರು ಯಾರು? ಕಾಕಾ! ಹಾಗಾಗಿ ಕಾರ್ಡಿನ ಮೇಲೂ ಅದೇ ನಂಬರು, ಕಂಪ್ಯೂಟರಿನಲ್ಲೂ ಅದೇ ನಂಬರು.

ಜೋಡಣೆ ಮುಗಿಸಿ ಕೊನೆಯ ಬಟನ್ನು ಒತ್ತುವಾಗ ಸಾಫ್ಟ್‌ವೇರು ನನ್ನನ್ನು ಒಂದು ಪ್ರಶ್ನೆ ಕೇಳಿತು. ಒಂದೇ ಫೋನ್ ನಂಬರಿನ ದಾಖಲೆಗಳು ಒಬ್ಬರದೇ ಇರಬಹುದು, ಸೇರಿಸಿಬಿಡಲೇ ಎಂದು. ಇಂಥ ಪ್ರಶ್ನೆಗಳನ್ನು ಪೂರ್ತಿ ಓದುವವರು ಯಾರಿದ್ದಾರೆ? ನೀವು ಓದುತ್ತೀರಾ? ಹೂಂ ಅಂದೆ. ಅಷ್ಟರಲ್ಲಿ ಚಹಾ ಬಂತು, ಕುಡಿದೆ.

ನಾನು ಚಹಾ ಕುಡಿದು ಲೋಟ ಇಡುವುದರೊಳಗೆ ಆ ಸಾಫ್ಟ್‌ವೇರು ಮುನ್ನೂರಕ್ಕೂ ಹೆಚ್ಚು ಜನರನ್ನು ಒಬ್ಬ ಮನುಷ್ಯನನ್ನಾಗಿ ಮಾಡಿಬಿಟ್ಟಿತ್ತು. ಹೆಸರು ಕಾಕಾನದು, ವಿಳಾಸ ಕಾಕಾನದು, ಕಣ್ಣು ಮಾತ್ರ ಮುನ್ನೂರು ಜೋಡಿ! ಅಷ್ಟೇ ಅಲ್ಲ, ವೆಬ್‌ಸೈಟ್ ಜೊತೆ ಮಾತು ಶುರುವಾದ ಖುಷಿಗೆ ಒಂದೊಂದು ಜೋಡಿಗೂ ಒಂದೊಂದು ಧನ್ಯವಾದದ ಮೆಸೇಜು ಕಳಿಸತೊಡಗಿತು. ಎಲ್ಲವೂ ಹೋದದ್ದು ಒಂದೇ ಫೋನಿಗೆ. ಆ ಗುರುವಾರ ಸಂಜೆಯಿಂದ ಕಾಕಾನ ಜೇಬು ನಿಲ್ಲದೆ ಕುಂಯ್‌ಗುಡುತ್ತಿತ್ತು. ಇದ್ಯಾಕೆ ನನಗೆ ಇಷ್ಟು ಸಲ ಉಪಕಾರ ಸ್ಮರಣೆ ಎಂದು ಬೇಸತ್ತು, ಶುಕ್ರವಾರ ಮುಂಜಾನೆ ಅವರು ಫೋನನ್ನು ಬಂದ್ ಮಾಡಿ ರೊಟ್ಟಿ ಬುಟ್ಟಿಯ ಕೆಳಗೆ ಇಟ್ಟರು. ಆರು ವರ್ಷದಲ್ಲಿ ಆ ಫೋನು ಬಂದ್ ಆದದ್ದು ಅದೇ ಮೊದಲು.

ಶುಕ್ರವಾರ ಹತ್ತೂವರೆಗೆ ನಾನು ಯಾರಿಗೋ ಜಾತಿ ಪ್ರಮಾಣಪತ್ರದ ಅರ್ಜಿ ತುಂಬುತ್ತಿದ್ದೆ. ನನ್ನ ಫೋನಿನಲ್ಲಿ ಕಾಲು ತಾಸಿನ ಹಿಂದೆ ಬಂದಿದ್ದ ಒಂದು ಮೆಸೇಜು ಕಣ್ಣಿಗೆ ಬಿತ್ತು, ನಾನೇ ಮಾಡಿಟ್ಟ ವ್ಯವಸ್ಥೆಯಿಂದ. ದಾನಿ ನಿಧನ ಎಂದಿತ್ತು. ಕೆಳಗೆ ಕಾಕಾನ ಹೆಸರು. ಕಾಕಾನ ವಿಳಾಸ.

ಫೋನು ಮಾಡಿದೆ, ಬಂದ್ ಇತ್ತು. ಅಂಗಡಿ ತೆರೆದಿಟ್ಟು, ಕಾಲಿಗೆ ಚಪ್ಪಲಿ ಇಲ್ಲದೆ ಓಡಿದೆ. ನನ್ನ ಅಂಗಡಿಯಿಂದ ಕಾಕಾನ ಮನೆಗೆ ಎರಡೇ ಓಣಿ. ಆ ಎರಡು ಓಣಿ ದಾಟುವಾಗ ನನಗೆ ನೆನಪಾದದ್ದು ಒಂದೇ: ನಿನ್ನೆ ಅವರು ಅಂಗಡಿಗೆ ಬಂದ ಹೊಸ ಗಿರಾಕಿಯ ಕಣ್ಣಲ್ಲಿ ಕಣ್ಣಿಟ್ಟು ನಿಂತಾಗ, ಸಾಕು ಸರೀರಿ ಕಾಕಾ, ಕೆಲಸ ಐತಿ ಅಂದಿದ್ದೆ. ಅಳುತ್ತಲೇ ಓಡಿದೆ.

ಮನೆಯ ಮುಂದೆ ಕಣ್ಣಾಸ್ಪತ್ರೆಯ ಗಾಡಿ ನಿಂತಿತ್ತು. ನಾನು ಮಾಡಿದ ವ್ಯವಸ್ಥೆ ಅಷ್ಟು ಚೆನ್ನಾಗಿತ್ತು, ಅವರಿಗೂ ಮೆಸೇಜು ಹೋಗಿ, ಬೇರೆ ಕೆಲಸಕ್ಕೆ ಹತ್ತಿರದಲ್ಲೇ ಬಂದಿದ್ದವರು ತಕ್ಷಣ ಬಂದುಬಿಟ್ಟಿದ್ದರು. ಕೈಯಲ್ಲಿ ಐಸಿನ ಡಬ್ಬಿ ಹಿಡಿದ ಒಬ್ಬ ಹೆಣ್ಣುಮಗಳು ಮುಖ ಗಂಭೀರ ಮಾಡಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು. ಎದುರಿನ ಮನೆಯವರು ಆಗಲೇ ಸೆರಗು ಬಾಯಿಗಿಟ್ಟಿದ್ದರು. ಬಾಗಿಲ ಚೌಕಟ್ಟಿಗೆ ಸೊಂಟ ಆನಿಸಿ, ಅರ್ಧ ರೊಟ್ಟಿ ಕೈಯಲ್ಲಿ ಹಿಡಿದು, ತಲೆ ಚೆಂದಾಗಿ ಬಾಚಿಕೊಂಡು ನಿಂತಿದ್ದವರು ಕಾಕಾ. ಆ ಹೆಣ್ಣುಮಗಳು ಕೊಟ್ಟ ಕಾಗದವನ್ನು ಬೆಳಕಿಗೆ ಹಿಡಿದು ಓದಿದರು.

"ಇದು ನಾನ ರೀ," ಅಂದರು. "ಖರೆ ನನ್ನದಿನ್ನೂ ತಯಾರಿಲ್ಲ. ಬರ್ರಿ, ಒಳಗ ಕುಂದರ್ರಿ."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದೆ. ಆದರೆ ಕಾಕಾ ನಗಲಿಲ್ಲ. ಕಾಗದವನ್ನು ಮತ್ತೊಮ್ಮೆ ಓದಿದರು. ನಾನು ಬದುಕಿದ್ದೇನೆ ಅಂದರೆ ಸತ್ತವರು ಬೇರೆ ಯಾರೋ ಇದ್ದಾರೆ, ಯಾರು ಎಂದು ಕೇಳಿದರು. ನಾನು ಫೋನಿನಲ್ಲೇ ವೆಬ್‌ಸೈಟಿನ ಒಳಹೊಕ್ಕು ನೋಡಿದೆ. ಯಾರೋ ತುಂಬಿದ ಒಂದೇ ಸಾಲು ಇತ್ತು. ನಮ್ಮ ಅಜ್ಜಿ ಯಲ್ಲವ್ವ ಮುಂಜಾನೆ ಏಳಕ್ಕೆ ತೀರಿಕೊಂಡಳು, ಫೋನು ಹತ್ತುತ್ತಿಲ್ಲ, ಬೇಗ ಬನ್ನಿ ಎಂದು. ಕೆಳಗೆ ಕಾರ್ಡಿನ ಮೇಲಿದ್ದ ಕಾಕಾನ ನಂಬರು. ಊರಿನ ಹೆಸರಿರಲಿಲ್ಲ. ಊರನ್ನು ದಾಖಲೆಯಿಂದ ತೆಗೆದುಕೊಳ್ಳಲಿ ಎಂದು ನಾನೇ ಹಾಗೆ ಮಾಡಿದ್ದೆ. ದಾಖಲೆ ಈಗ ಬೈಲಹೊಂಗಲ ಅನ್ನುತ್ತಿತ್ತು.

ಎಲ್ಲಮ್ಮನ ಗುಡ್ಡದ ಸುತ್ತಲಿನ ಸೀಮೆಯಲ್ಲಿ ಯಲ್ಲವ್ವ ಎಂಬ ಅಜ್ಜಿಯನ್ನು ಹುಡುಕಿ ನೋಡೋಣ! ಕಾಕಾನ ರಿಜಿಸ್ಟರಿನಲ್ಲೇ ಇಪ್ಪತ್ತಮೂರು ಯಲ್ಲವ್ವಂದಿರು. ಗಂಟೆ ಹನ್ನೊಂದಾಗುತ್ತ ಬಂದಿತ್ತು. ಒಂದು ಗಂಟೆಗೆ ಆರು ತಾಸು ಮುಗಿಯುತ್ತದೆ. ನಾನು ಗೋಡೆಗೆ ಒರಗಿ ನಿಂತೆ. ನನ್ನ ಒಂದು ಹೂಂನಿಂದ ಒಬ್ಬಳು ಮುದುಕಿಯ ಕೊನೆಯ ಮಾತು ಹಾಳಾಗಲಿತ್ತು.

ಕಾಕಾ ರಿಜಿಸ್ಟರನ್ನು ತೆರೆಯಲೂ ಇಲ್ಲ. ಕಣ್ಣು ಮುಚ್ಚಿ, ಬಸ್ಸು ಒಂದೊಂದೇ ಸ್ಟಾಪಿನಲ್ಲಿ ನಿಲ್ಲುತ್ತ ಹೋಗುವ ಹಾಗೆ ಒಂದೊಂದೇ ಊರಿನ ಯಲ್ಲವ್ವನನ್ನು ಇಳಿಸುತ್ತ ಹೋದರು. ಯರಗಟ್ಟಿಯ ಯಲ್ಲವ್ವ ಮೊನ್ನೆ ತಾನೇ ಸಂತೆಯಲ್ಲಿ ಉಳ್ಳಾಗಡ್ಡಿಗೆ ಚೌಕಾಶಿ ಮಾಡುತ್ತಿದ್ದಳು, ಅವಳಲ್ಲ. ಸಿರಸಂಗಿಯವಳಿಗೆ ಮಕ್ಕಳೇ ಇಲ್ಲ, ಮೊಮ್ಮಕ್ಕಳು ಎಲ್ಲಿಂದ ಬರಬೇಕು? ರಾಮದುರ್ಗದ ಇಬ್ಬರೂ ಗಟ್ಟಿ ಇದ್ದಾರೆ. ಈ ಯಲ್ಲವ್ವನ ಮೊಮ್ಮಗ ಇನ್ನೂ ತೊಟ್ಟಿಲಲ್ಲಿದ್ದಾನೆ, ಆ ಯಲ್ಲವ್ವನ ಮನೆಯಲ್ಲಿ ನೆಟ್‌ವರ್ಕೇ ಸಿಗುವುದಿಲ್ಲ. ಕಣ್ಣಾಸ್ಪತ್ರೆಯ ಹೆಣ್ಣುಮಗಳು ಐಸಿನ ಡಬ್ಬಿಯನ್ನು ಎದೆಗವಚಿಕೊಂಡು, ಬಾಯಿ ತೆರೆದು ಅವರನ್ನೇ ನೋಡುತ್ತಿದ್ದಳು. ಐದು ನಿಮಿಷವೂ ಆಗಿರಲಿಕ್ಕಿಲ್ಲ, ಕಾಕಾ ಕಣ್ಣು ತೆರೆದರು.

"ಉಗರಗೋಳ. ಇಳದು ಬಲಕ್ಕ, ಕುಂಕುಮದ ಅಂಗಡಿ ಹಿಂದಿನ ಮನಿ. ಹ್ವಾದ ವಾರ ಹೋದಾಗ ನನ್ನ ನೋಡಿ ನಕ್ಕಳು, ಖರೆ ಚಾ ಹಾಂಗ ಬಿಟ್ಟಿದ್ಲು. ಎಂದೂ ಬಿಟ್ಟಾಕಿ ಅಲ್ಲ."

ರೊಟ್ಟಿ ಬುಟ್ಟಿಯ ಕೆಳಗಿನಿಂದ ಫೋನು ತೆಗೆದು ಆ ಕುಂಕುಮದ ಅಂಗಡಿಗೆ ಹಚ್ಚಿದರು. ಹೌದು, ಅವಳೇ. ಫ್ಯಾನು ಬಂದ್ ಮಾಡಿ, ಕಣ್ಣಿನ ಮೇಲೆ ಒದ್ದೆ ಅರಿವೆ ಇಡಿ, ತಲೆಯ ಕೆಳಗೆ ದಿಂಬು ಕೊಡಿ ಎಂದು ಹೇಳುತ್ತ ಹೇಳುತ್ತಲೇ ಗಾಡಿಯತ್ತ ನಡೆದರು. ನಾನೂ ಹಿಂದೆ ಹತ್ತಿಕೊಂಡೆ. ಬರಿಗಾಲಿನಲ್ಲೇ!

ಸವದತ್ತಿ ದಾಟುವವರೆಗೆ ದಾರಿ ಸಲೀಸಾಗಿತ್ತು. ಆದರೆ ಶುಕ್ರವಾರ, ಗುಡ್ಡಕ್ಕೆ ಹೋಗುವ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಡ್ರೈವರು ಸ್ಟೇರಿಂಗಿನ ಮೇಲೆ ಕೈಯಿಟ್ಟು ಕುಳಿತುಬಿಟ್ಟ. ಕಾಕಾ ಬಾಗಿಲು ತೆರೆದು ಇಳಿದು, ಚೀಲದಿಂದ ಹಳೆಯ ಸೀಟಿ ತೆಗೆದರು. ಅದು ಇನ್ನೂ ಅವರ ಹತ್ತಿರ ಇತ್ತೆಂದು ನನಗೂ ಗೊತ್ತಿರಲಿಲ್ಲ. ಊದಿದರು ನೋಡಿ, ಟ್ರ್ಯಾಕ್ಟರುಗಳು, ಜೀಪುಗಳು, ಟೆಂಪೋಗಳು, ಎಲ್ಲವೂ ತಮಗೆ ತಿಳಿಯದೆಯೇ ಬದಿಗೆ ಸರಿದವು. ನಮ್ಮ ಸೀಮೆಯ ಜನ ಯಾರ ಮಾತನ್ನೂ ಕೇಳಲಿಕ್ಕಿಲ್ಲ, ಆದರೆ ಕಂಡಕ್ಟರನ ಸೀಟಿಗೆ ಎದುರಾಡಿದವರಿಲ್ಲ. ಕಾಕಾ ಗಾಡಿಯ ಮುಂದೆ ಓಡುತ್ತ, ಊದುತ್ತ, ಕೈ ಬೀಸುತ್ತ, ಹೊಲದ ಪಕ್ಕದ ಒಂದು ದಾರಿಗೆ ತಿರುಗಿಸಿ ನಮ್ಮನ್ನು ಊರೊಳಗೆ ಒಯ್ದು ನಿಲ್ಲಿಸಿದರು. ಆ ವಯಸ್ಸಿನಲ್ಲಿ ಆ ಓಟ ಓಡಿದವರನ್ನು ನಾನಂತೂ ಕಂಡಿಲ್ಲ.

ಮನೆಯಲ್ಲಿ ಕಾಲೇಜಿಗೆ ಹೋಗುವ ಮೊಮ್ಮಗಳು ಫೋನು ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದಳು. ಒಳಗೆ ಹಿರಿಯ ಸೊಸೆ ಅಡ್ಡ ನಿಂತಿದ್ದಳು. ಗಂಟೆ ಹನ್ನೆರಡು ಇಪ್ಪತ್ತು. ಅತ್ತೆಯ ಕಣ್ಣು ತೆಗೆದರೆ ಮುಂದಿನ ಜನ್ಮದಲ್ಲಿ ಕುರುಡಿಯಾಗಿ ಹುಟ್ಟುತ್ತಾಳೆ, ನಾನು ಒಲ್ಲೆ ಅಂದಳು. ಕಾಕಾ ಅವಳ ಜೊತೆ ವಾದ ಮಾಡಲಿಲ್ಲ. ರಿಜಿಸ್ಟರಿನಲ್ಲಿ ಬರೆದುಕೊಂಡಿದ್ದ ಪ್ರಕಾರ ಮೊದಲು ಮಗಳನ್ನು ಮಾತಾಡಿಸಿದರು, ಆಕೆ ಅಳುತ್ತ ಹೂಂ ಅಂದಳು. ಆಮೇಲೆ ಸೊಸೆಯ ಕಡೆ ತಿರುಗಿದರು. ತಿರುಗುವ ಮುಂಚೆ, ಆ ಗಡಿಬಿಡಿಯಲ್ಲೂ, ಓಡಿ ಕೆದರಿದ್ದ ತಲೆಯನ್ನು ಬಾಚಿಕೊಂಡರು. ನನಗೆ ಆ ಹೊತ್ತಿಗೆ ಎಷ್ಟು ಸಿಟ್ಟು ಬಂತೆಂದರೆ!

"ನನ್ನ ಹೆಂಡ್ತಿ ಕಣ್ಣೂ ಕೊಟ್ಟೇನಿ, ತಂಗಿ," ಅಂದರು. "ಆಕಿ ಕುರುಡಿ ಆಗಿಲ್ಲ. ಎಲ್ಲೋ ನೋಡಾಕತ್ತಾಳ."

ಸೊಸೆ ಅವರ ಮುಖ ನೋಡಿದಳು. ಆಮೇಲೆ ಸರಿದು ನಿಂತಳು, ಕಾಗದಕ್ಕೆ ಮಗಳ ಕೆಳಗೆ ತಾನೂ ಸಹಿ ಹಾಕಿದಳು. ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಅಜ್ಜಿಯ ಮುಖ ಮಲಗಿದ ಹಾಗೆಯೇ ಇತ್ತು. ಐಸಿನ ಡಬ್ಬಿ ಹೊರಗೆ ಬಂದಾಗ ಒಂದಾಗಲು ಇನ್ನೂ ಹದಿನೈದು ನಿಮಿಷ ಇತ್ತು. ಕಾಕಾ ಗಾಡಿಯ ಬೆನ್ನಿಗೆ ಎರಡು ಸಲ ತಟ್ಟಿ, ರೈಟ್ ಅಂದರು.

ಮರುದಿನದಿಂದ ನಾನು ತಪ್ಪು ತಿದ್ದಲು ಕುಳಿತೆ. ಒಬ್ಬ ಕಾಕಾನ ಹೊಟ್ಟೆಯಿಂದ ಮುನ್ನೂರು ಜನರನ್ನು ಒಬ್ಬೊಬ್ಬರನ್ನಾಗಿ ಹೊರಗೆ ತೆಗೆದೆ. ಈ ಸಲ ಸಾಫ್ಟ್‌ವೇರು ಕೇಳಿದ ಪ್ರತಿ ಪ್ರಶ್ನೆಯನ್ನೂ ಪೂರ್ತಿ ಓದಿದೆ. ಅದರಲ್ಲಿ ಎರಡು ಹೊಸ ಕಾಲಮ್ಮು ಮಾಡಿದೆ. ಒಂದು, ಎಲ್ಲಿ ಇಳಿಯಬೇಕು. ಇನ್ನೊಂದು, ಮೊದಲು ಯಾರನ್ನು ಮಾತಾಡಿಸಬೇಕು. ಎಮ್ಮೆಯೂ ಬಂತು, ಕೆಂಪು ಬೈಕೂ ಬಂತು. ವೆಬ್‌ಸೈಟಿನ ಪುಟದಲ್ಲಿ ಮೊದಲ ಸಾಲನ್ನೇ ಬದಲಿಸಿದೆ: ಫಾರ್ಮು ತುಂಬಿರಿ, ಆದರೆ ಮೊದಲು ಫೋನು ಮಾಡಿರಿ. ಕಾಕಾ ಕುರ್ಚಿಯ ಹಿಂದೆ ನಿಂತು ಎಲ್ಲವನ್ನೂ ನೋಡಿ, ಈಗ ಇದಕ್ಕೆ ಸ್ವಲ್ಪ ಬುದ್ಧಿ ಬಂದಂಗ ಐತಿ ಅಂದರು. ಅದು ಕಂಪ್ಯೂಟರಿಗೋ ನನಗೋ ಎಂದು ನಾನು ಕೇಳಲಿಲ್ಲ.

ಹಾಗೆ ಬಿಡಿಸುತ್ತ ಬಿಡಿಸುತ್ತ ಎರಡನೆಯ ದಾಖಲೆಗೆ ಬಂದೆ. ಕಾಕುವಿನದು. ಅದರ ಕೆಳಗೆ ಬೀಗದ ಗುರುತಿದ್ದ ಒಂದು ಸಾಲು ಇತ್ತು. ಕಣ್ಣು ಯಾವ ಊರಿನ ಯಾರಿಗೆ ಹೋಯಿತು ಎಂಬುದು ಅದರ ಹಿಂದೆ ಇರುತ್ತದೆ. ಅದನ್ನು ಯಾರಿಗೂ ಹೇಳಬಾರದು, ಹೇಳುವುದೂ ಇಲ್ಲ. ಆದರೆ ಜೋಡಣೆಯ ಕೆಲಸಕ್ಕೆಂದು ನನಗೆ ಕೊಟ್ಟಿದ್ದ ಪಾಸ್‌ವರ್ಡಿಗೆ ಆ ಬೀಗ ತೆರೆಯುತ್ತಿತ್ತು. ನಾನು ಬೆರಳು ತಡೆದು ಹಿಡಿದೆ. ತಪ್ಪು ಎಂದು ಗೊತ್ತಿತ್ತು, ಆದರೆ ಉಗರಗೋಳದಲ್ಲಿ ಅವರು ಓಡಿದ್ದನ್ನು ಕಂಡ ಮೇಲೆ ಕೇಳದೆ ಇರಲಾಗಲಿಲ್ಲ.

"ಕಾಕಾ, ಕಾಕೂನ ಕಣ್ಣ ಯಾವ ಊರಿಗೆ ಹೋದವು ಅಂತ ಇದರಾಗ ಐತ್ರಿ. ಊರಿನ ಹೆಸರ ಅಷ್ಟ ನೋಡ್ಲೇನ್ರಿ?"

ತಿರುಗಿ ನೋಡಿದೆ. ಕಾಕಾ ಗಿರಾಕಿಗಳಿಗೆಂದು ಹಾಕಿದ್ದ ಸ್ಟೂಲಿನ ಮೇಲೆ ಕುಳಿತಿದ್ದರು. ಹೌದು, ಕುಳಿತಿದ್ದರು! ಚರ್ಮದ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, ಅದರ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಬಿಚ್ಚುತ್ತ.

"ಬ್ಯಾಡವಾ," ಅಂದರು. "ಒಂದ ಊರ ಹೆಸರ ಹೇಳಿಬಿಟ್ರ, ಉಳದ ಊರಾಗ ನಾ ಯಾಕ ಇಳೀಲಿ?"

ನಾನು ಪುಟ ಮುಚ್ಚಿದೆ. ಆಗ ಅಂಗಡಿಗೆ ಯಾರೋ ಹೆಂಗಸು ಉತಾರ ಕೇಳಿಕೊಂಡು ಬಂದಳು. ನಾನು ಅವಳನ್ನು ಎಂದೂ ನೋಡಿರಲಿಲ್ಲ. ಕಾಕಾ ಸ್ಟೂಲು ಬಿಟ್ಟು ಎದ್ದರು. ಜೇಬಿನಿಂದ ಬಾಚಣಿಕೆ ತೆಗೆದು ತಲೆ ಬಾಚಿಕೊಂಡರು, ಕಾಲರು ಸರಿ ಮಾಡಿಕೊಂಡರು. ನಾನು ಅವರನ್ನೇ ನೋಡುತ್ತಿದ್ದೆ. ನನ್ನ ಮುಖದಲ್ಲಿ ಏನು ಕಂಡಿತೋ, ನನಗಷ್ಟೇ ಕೇಳುವ ಹಾಗೆ ಬಗ್ಗಿ ಹೇಳಿದರು:

"ಆಕಿ ಯಾರ ಕಣ್ಣಾಗ ನಿಂತು ನೋಡಾಕತ್ತಾಳೊ ನನಗೇನ ಗೊತ್ತು? ತಲಿ ಕೆದರಕೊಂಡ ನಿಂತ್ರ ಬೈತಾಳ."